ಅಮೆರಿಕದ ಕಾಂಗ್ರೆಸ್ ಸದಸ್ಯರಿಗೆ ಅವಧಿ ಮಿತಿ ಏಕಿಲ್ಲ?

ಅಧ್ಯಕ್ಷರಿಗೆ 1951ರ 22ನೇ ತಿದ್ದುಪಡಿ ಎರಡು ಅವಧಿಗಳ ಕಟ್ಟು ಹಾಕಿತು, ಅಲ್ಲಿನ ಸಂಸತ್ತಾದ ಕಾಂಗ್ರೆಸ್‌ನ ಸದಸ್ಯರಿಗೆ ಅಂಥದ್ದಿಲ್ಲ. ರಾಜ್ಯಗಳು ಸುಮ್ಮನಿರಲಿಲ್ಲ. ಪ್ರತಿನಿಧಿ ಸಭೆಯಲ್ಲಿ ಮೂರು, ಸೆನೆಟ್‌ನಲ್ಲಿ ಎರಡು ಅವಧಿ ಮುಗಿಸಿದವರ ಹೆಸರನ್ನು ಮತಪತ್ರದಲ್ಲಿ ಅಚ್ಚು ಹಾಕಬಾರದೆಂದು ಅರ್ಕನ್ಸಾ ರಾಜ್ಯದ ಮತದಾರರು 1992ರಲ್ಲಿ ತೀರ್ಮಾನಿಸಿದರು. 1995ರಲ್ಲಿ ಸುಪ್ರೀಂ ಕೋರ್ಟ್ 5–4ರ ಬಹುಮತದಿಂದ ಅದನ್ನು ರದ್ದುಪಡಿಸಿತು: ವಯಸ್ಸು, ಪೌರತ್ವ, ವಾಸದ ಬಗ್ಗೆ ಸಂವಿಧಾನ ಹೇಳಿರುವ ಅರ್ಹತೆಗಳಿಗೆ ರಾಜ್ಯಗಳು ಹೊಸದನ್ನು ಸೇರಿಸುವಂತಿಲ್ಲ.

ಹಾಗಾಗಿ ಸಂವಿಧಾನವನ್ನೇ ತಿದ್ದಬೇಕು. ರೂಢಿಯ ದಾರಿಯಲ್ಲಿ ಎರಡೂ ಸದನಗಳ ಮೂರನೇ ಎರಡರಷ್ಟು ಮತ, ಬಳಿಕ 38 ರಾಜ್ಯಗಳ ಒಪ್ಪಿಗೆ ಬೇಕು. 1995ರಲ್ಲೇ ಅವಧಿ ಮಿತಿಯ ತಿದ್ದುಪಡಿಗೆ ಪ್ರತಿನಿಧಿ ಸಭೆಯಲ್ಲಿ ಪರವಾಗಿ 227, ವಿರುದ್ಧ 204 ಮತ ಬಿದ್ದರೂ ಸಾಲಲಿಲ್ಲ. ಕುಳಿತ ಕುರ್ಚಿಯ ಕಾಲನ್ನು ತಾವೇ ಕೊಯ್ದುಕೊಳ್ಳುವವರು ಎಷ್ಟು ಮಂದಿ? ಮಿತಿ ಬಂದರೆ ಹೊಸಬರು ಬರುತ್ತಾರೆ, ನಿಜ; ಆದರೆ ಪಳಗಿದವರೆಲ್ಲ ಹೊರಟುಹೋದ ಸದನದಲ್ಲಿ ಲಾಬಿಗಾರರ ಮಾತೇ ನಡೆದೀತು ಎಂಬ ಅಳುಕು ನನಗಿದೆ.