ನೀರು ಕುಡಿದ ಎಂಜಿನ್‌ಗೆ ಸೆಲ್ಫ್ ಹೊಡೆಯಬೇಡಿ

ಪ್ರಶ್ನೆ: ರಸ್ತೆಯಲ್ಲಿ ನಿಂತಿದ್ದ ನೀರು ದಾಟುವಾಗ ನನ್ನ ಪೆಟ್ರೋಲ್ ಕಾರು ನಡುವೆಯೇ ಆಫ್ ಆಯಿತು. ಎರಡು ಮೂರು ಸಲ ಸೆಲ್ಫ್ ಹೊಡೆದೆ. ‘ಟಕ್’ ಎಂದು ಒಂದೇ ಸದ್ದು, ಎಂಜಿನ್ ತಿರುಗಲಿಲ್ಲ. ಬ್ಯಾಟರಿ ಚೆನ್ನಾಗಿದೆ. ಒಳಗೆ ಏನಾಗಿರಬಹುದು?

ಉತ್ತರ: ಮೊದಲು ಒಂದು ಮಾತು: ಇನ್ನೊಂದು ಸಲವೂ ಕೀ ತಿರುಗಿಸಬೇಡಿ. ಬ್ಯಾಟರಿ ಚೆನ್ನಾಗಿದ್ದೂ ‘ಟಕ್’ ಎಂದು ನಿಂತಿತೆಂದರೆ ಪಿಸ್ಟನ್ ಮೇಲೆ ಬರುವಾಗ ನೀರಿಗೆ ತಾಗಿ ನಿಂತಿರುವ ಸಾಧ್ಯತೆಯೇ ಹೆಚ್ಚು. ಮೆಕ್ಯಾನಿಕ್‌ಗಳು ಇದನ್ನು ಹೈಡ್ರೋಲಾಕ್ ಎನ್ನುತ್ತಾರೆ.

ಲೆಕ್ಕ ಹಾಕಿದರೆ ವಿಷಯ ಸ್ಪಷ್ಟವಾಗುತ್ತದೆ. 1200 ಸಿಸಿಯ ಮೂರು ಸಿಲಿಂಡರ್ ಎಂಜಿನ್‌ನಲ್ಲಿ ಒಂದು ಸಿಲಿಂಡರ್‌ನ ಪಾಲು 400 ಸಿಸಿ. ಕಂಪ್ರೆಷನ್ ಅನುಪಾತ, ಅಂದರೆ ಪಿಸ್ಟನ್ ಪೂರ್ತಿ ಕೆಳಗಿದ್ದಾಗ ಮತ್ತು ಪೂರ್ತಿ ಮೇಲಿದ್ದಾಗ ಸಿಲಿಂಡರ್‌ನಲ್ಲಿರುವ ಜಾಗದ ಅನುಪಾತ, 10:1 ಇದ್ದರೆ, ಪಿಸ್ಟನ್ ಪೂರ್ತಿ ಮೇಲಿರುವಾಗ ಅದರ ತಲೆಯ ಮೇಲೆ ಉಳಿಯುವ ಜಾಗ ಸುಮಾರು 44 ಮಿಲಿಲೀಟರ್. ಗಾಳಿ ಕುಗ್ಗಿ ಆ ಜಾಗದಲ್ಲಿ ಕೂರುತ್ತದೆ, ನೀರು ಕುಗ್ಗುವುದಿಲ್ಲ. ಒಳಗೆ 50 ಮಿಲಿಲೀಟರ್ ನೀರಿದ್ದರೂ ಪಿಸ್ಟನ್ ಮೇಲಕ್ಕೆ ಹೋಗಲಾರದು. 1500 ಸಿಸಿಯ ನಾಲ್ಕು ಸಿಲಿಂಡರ್ ಡೀಸೆಲ್‌ನಲ್ಲಿ, ಅನುಪಾತ 16:1 ಎಂದುಕೊಂಡರೆ, ಆ ಜಾಗ 25 ಮಿಲಿಲೀಟರ್ ಮಾತ್ರ. ಒಂದೆರಡು ದೊಡ್ಡ ಚಮಚ ನೀರು ಸಾಕು. ಡೀಸೆಲ್ ಎಂಜಿನ್‌ಗಳು ನೀರಿನಲ್ಲಿ ಬೇಗ ಹಾಳಾಗುವುದಕ್ಕೆ ಇದೂ ಒಂದು ಕಾರಣ.

ಓಡುತ್ತಿರುವಾಗಲೇ ನೀರು ಎಳೆದರೆ ಎಂಜಿನ್ ಜತೆ ತಿರುಗುವ ಭಾರದ ಚಕ್ರವಾದ ಫ್ಲೈವೀಲ್‌ನ ವೇಗವೆಲ್ಲ, ಪಿಸ್ಟನ್ನನ್ನು ಕ್ರ್ಯಾಂಕ್‌ಗೆ ಜೋಡಿಸುವ ಆ ಒಂದು ಕನೆಕ್ಟಿಂಗ್ ರಾಡ್ ಮೇಲೆ ಬೀಳುತ್ತದೆ. 3000 ಆರ್‌ಪಿಎಂನಲ್ಲಿ ಆದರೆ ರಾಡ್ ಬಾಗುವುದು ಬಹುತೇಕ ಖಚಿತ, ಕೆಲವೊಮ್ಮೆ ಮುರಿದು ಎಂಜಿನ್‌ನ ಹೊರಗೋಡೆಯಾದ ಬ್ಲಾಕನ್ನೇ ತೂತು ಮಾಡುತ್ತದೆ. ಐಡಲ್‌ಗೆ ಹತ್ತಿರವಿದ್ದಾಗ ಆಫ್ ಆಗಿದ್ದರೆ ರಾಡ್ ಉಳಿದಿರಬಹುದು. ಆಮೇಲೆ ಹೊಡೆಯುವ ಸೆಲ್ಫ್ ಎರಡು ರೀತಿಯಲ್ಲಿ ಕೆಡಿಸುತ್ತದೆ. ಪ್ರತಿ ಸುತ್ತಿಗೂ ಏರ್ ಪೈಪಿನಲ್ಲಿ ನಿಂತ ನೀರು ಒಳಕ್ಕೆ ಬರುತ್ತದೆ. ಒಳಗಿನ ನೀರು ಕಡಿಮೆಯಿದ್ದರೆ ಉಳಿದ ಸಿಲಿಂಡರ್‌ಗಳು ಉರಿದು ಎಂಜಿನ್ ಸ್ಟಾರ್ಟ್ ಆಗುತ್ತದೆ, ರಾಡ್ ಬಾಗುವುದು ಆಗಲೇ. ಸ್ಟಾರ್ಟ್ ಆಯಿತು ಎಂಬ ಸಮಾಧಾನದಲ್ಲಿ ಅದು ಗೊತ್ತೂ ಆಗುವುದಿಲ್ಲ.

ಈಗ ಮಾಡಬೇಕಾದದ್ದು: ಗೇರನ್ನು ನ್ಯೂಟ್ರಲ್‌ಗೆ ಹಾಕಿ, ತಳ್ಳಿ ಅಥವಾ ಟೋ ಮಾಡಿಸಿ ಕಾರನ್ನು ಒಣ ಜಾಗಕ್ಕೆ ತನ್ನಿ. ತಳ್ಳಿ ಸ್ಟಾರ್ಟ್ ಮಾಡುವ ಪ್ರಯತ್ನ ಸೆಲ್ಫ್‌ಗಿಂತಲೂ ಕೆಟ್ಟದ್ದು. ಆಟೊಮ್ಯಾಟಿಕ್ ಆದರೆ ಎಂಜಿನ್ ತಿರುಗಿಸುವ ಚಕ್ರಗಳನ್ನು ಎತ್ತಿಯೇ ಒಯ್ಯಬೇಕು. ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿ, ಏರ್ ಫಿಲ್ಟರ್ ಪೆಟ್ಟಿಗೆ ತೆರೆದು ನೋಡಿ. ಫಿಲ್ಟರ್ ಮತ್ತು ಅದರಾಚೆಗಿನ ಪೈಪು ಒಣಗಿದ್ದರೆ ನೀರು ಒಳಹೋಗಿಲ್ಲ, ಇಗ್ನಿಷನ್ ಕಾಯಿಲ್ ಅಥವಾ ಕನೆಕ್ಟರ್ ನೆನೆದು ಆಫ್ ಆಗಿರಬಹುದು. ಪೈಪಿನೊಳಗೆ ತೇವ ಕಂಡರೆ ಮುಂದಿನ ಉತ್ತರದಂತೆಯೇ ಕೆಲಸ ಆಗಬೇಕು.

ಪ್ರಶ್ನೆ: ನೀರು ಒಳಹೋದ ಎಂಜಿನ್ ಅನ್ನು ಗ್ಯಾರೇಜಿನಲ್ಲಿ ಹೇಗೆ ಸರಿಮಾಡಬೇಕು? ಯಾವ ಕೆಲಸ ಬಿಟ್ಟರೆ ತೊಂದರೆ?

ಉತ್ತರ: ಸಮಯವೇ ಇಲ್ಲಿ ದೊಡ್ಡ ವಿಷಯ. ಸಿಲಿಂಡರ್ ಗೋಡೆ ಮತ್ತು ಪಿಸ್ಟನ್ ರಿಂಗ್‌ಗಳಿಗೆ ತುಕ್ಕು ಹಿಡಿಯಲು ಒಂದೆರಡು ದಿನ ಸಾಕು. ‘ಬಿಸಿಲಿಗೆ ನಿಲ್ಲಿಸಿ ಒಣಗಲಿ’ ಎಂದು ವಾರ ಬಿಡುವುದು ಎಂಜಿನ್ ಕಳೆದುಕೊಳ್ಳುವ ದಾರಿ.

ಮೊದಲು ಡಿಪ್‌ಸ್ಟಿಕ್ ನೋಡಬೇಕು. ಆಯಿಲ್ ಮಟ್ಟ ಏರಿದ್ದರೆ ಅಥವಾ ಅದು ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ಸಂಪ್‌ಗೆ, ಅಂದರೆ ಎಂಜಿನ್ ತಳದ ಆಯಿಲ್ ತೊಟ್ಟಿಗೆ, ನೀರು ಇಳಿದಿದೆ. ಕಾರು ಒಂದು ತಾಸು ಅಲುಗದೆ ನಿಂತಿದ್ದರೆ ನೀರು ಆಯಿಲ್‌ನ ಕೆಳಗೆ ಕೂರುತ್ತದೆ. ಡ್ರೈನ್ ಪ್ಲಗ್ ನಿಧಾನವಾಗಿ ಸಡಿಲಿಸಿದರೆ ಮೊದಲು ಬರುವುದು ನೀರೇ.

ಆಮೇಲೆ ಎಲ್ಲ ಸ್ಪಾರ್ಕ್ ಪ್ಲಗ್‌ಗಳನ್ನೂ ಬಿಚ್ಚಬೇಕು. ಡೀಸೆಲ್ ಆದರೆ ಗ್ಲೋ ಪ್ಲಗ್ ಅಥವಾ ಇಂಜೆಕ್ಟರ್. ಏರ್ ಪೈಪು, ಥ್ರಾಟಲ್ ಬಾಡಿ, ಇನ್‌ಟೇಕ್ ಮ್ಯಾನಿಫೋಲ್ಡ್ ಖಾಲಿ ಮಾಡಬೇಕು. ಟರ್ಬೊ ಇದ್ದರೆ ಒಳಹೋಗುವ ಗಾಳಿಯನ್ನು ತಣಿಸುವ ಇಂಟರ್‌ಕೂಲರ್ ಬಿಚ್ಚಿ ನೀರು ಸುರಿಯುವುದನ್ನು ಮರೆಯಲೇಬಾರದು. ಹೆಚ್ಚಾಗಿ ಬಿಟ್ಟುಹೋಗುವ ಕೆಲಸ ಇದೇ. ಸಿಲಿಂಡರ್ ಪೂರ್ತಿ ಒಣಗಿಸಿ ಸ್ಟಾರ್ಟ್ ಮಾಡಿದ ಮೇಲೆ, ಮೊದಲ ಸಲ ಆಕ್ಸಿಲರೇಟರ್ ಒತ್ತಿದಾಗ ಇಂಟರ್‌ಕೂಲರ್‌ನ ತಳದಲ್ಲಿದ್ದ ನೀರು ಒಮ್ಮೆಲೇ ಒಳನುಗ್ಗಿ ಎಲ್ಲ ಶ್ರಮ ವ್ಯರ್ಥವಾಗುತ್ತದೆ.

ನಂತರ ಕ್ರ್ಯಾಂಕ್ ಪುಲ್ಲಿಯ ಬೋಲ್ಟಿಗೆ ಸ್ಪ್ಯಾನರ್ ಹಾಕಿ, ಎಂಜಿನ್ ತಿರುಗುವ ದಿಕ್ಕಿನಲ್ಲೇ ಎರಡು ಪೂರ್ತಿ ಸುತ್ತು ಕೈಯಿಂದ ತಿರುಗಿಸಬೇಕು. ಪ್ಲಗ್ ಇಲ್ಲದಿದ್ದರೂ ಎಲ್ಲಾದರೂ ಬಿಗಿಯಾದರೆ ಅಲ್ಲಿಗೇ ನಿಲ್ಲಿಸಿ, ಎಂಜಿನ್ ಬಿಚ್ಚಬೇಕಾಗುತ್ತದೆ. ಸರಾಗ ತಿರುಗಿದರೆ ಇಗ್ನಿಷನ್ ಕಾಯಿಲ್ ಮತ್ತು ಇಂಧನದ ಸಂಪರ್ಕ ತಪ್ಪಿಸಿ, ಐದೈದು ಸೆಕೆಂಡ್ ಸೆಲ್ಫ್ ಹೊಡೆಯಬೇಕು. ಪ್ಲಗ್ ತೂತುಗಳಿಂದ ನೀರು ಜೋರಾಗಿ ಚಿಮ್ಮುತ್ತದೆ, ಮುಖ ದೂರವಿರಲಿ. ನೀರು ನಿಂತ ಮೇಲೆ ಪ್ರತಿ ಸಿಲಿಂಡರ್‌ಗೆ 5 ಮಿಲಿಲೀಟರ್‌ನಷ್ಟು ಎಂಜಿನ್ ಆಯಿಲ್ ಬಿಟ್ಟು ಮತ್ತೆ ತಿರುಗಿಸಬೇಕು. ‘ಇನ್ನಷ್ಟು ಇರಲಿ’ ಎಂದು ಸುರಿದರೆ ಆಯಿಲ್ ಕೂಡ ಕುಗ್ಗದ ದ್ರವವೇ ಎಂಬುದು ನೆನಪಿರಲಿ.

ಹೊಸ ಆಯಿಲ್, ಹೊಸ ಆಯಿಲ್ ಫಿಲ್ಟರ್, ಹೊಸ ಏರ್ ಫಿಲ್ಟರ್ ಹಾಕಿ ಹತ್ತು ನಿಮಿಷ ಐಡಲ್‌ನಲ್ಲಿ ಓಡಿಸಿ, ಆ ಆಯಿಲನ್ನೂ ತೆಗೆಯಬೇಕು. ಮೊದಲ ಸಲದ್ದು ತೊಳೆಯಲಷ್ಟೇ. ಆಯಿಲ್ ಬಣ್ಣ ಕೆಡದೆ ಹೊರಬರುವವರೆಗೆ ಇದನ್ನು ಎರಡು ಮೂರು ಬಾರಿ ಮಾಡಬೇಕಾಗಬಹುದು. ಗೇರ್‌ಬಾಕ್ಸ್ ಮತ್ತು ಡಿಫರೆನ್ಷಿಯಲ್ ಆಯಿಲನ್ನೂ ನೋಡಿಸಿ. ಬಿಸಿಯಾಗಿದ್ದ ಗೇರ್‌ಬಾಕ್ಸ್ ತಣ್ಣೀರಲ್ಲಿ ಮುಳುಗಿದಾಗ ಒಳಗಿನ ಗಾಳಿ ಕುಗ್ಗಿ, ಗಾಳಿಯಾಡುವ ಸಣ್ಣ ಕಿಂಡಿಯಾದ ಬ್ರೀದರ್ ಮೂಲಕ ನೀರನ್ನು ಎಳೆದುಕೊಳ್ಳುತ್ತದೆ.

ಪ್ರಶ್ನೆ: ನೀರಿನಿಂದ ಹೊರತಂದ ಕಾರು ಸರಿಯಾಗಿಯೇ ಸ್ಟಾರ್ಟ್ ಆಯಿತು. ಆದರೆ ಆಗಿನಿಂದ ಐಡಲ್‌ನಲ್ಲಿ ನಡುಕ, ಜತೆಗೆ ಸಣ್ಣ ಟಕಟಕ ಸದ್ದು. ಎರಡು ತಿಂಗಳಾಯಿತು. ಓಡಿಸುತ್ತಿರಬಹುದೇ?

ಉತ್ತರ: ಬೇಡ. ರಾಡ್ ಬಾಗಿರುವ ಲಕ್ಷಣ ಇದು. ರಾಡ್ 2 ಮಿಲಿಮೀಟರ್ ಗಿಡ್ಡವಾದರೆ, ಮೇಲೆ ಹೇಳಿದ 1200 ಸಿಸಿ ಎಂಜಿನ್‌ನಲ್ಲಿ ಆ ಸಿಲಿಂಡರ್‌ನ ಅನುಪಾತ 10ರಿಂದ ಸುಮಾರು 8.6ಕ್ಕೆ ಇಳಿಯುತ್ತದೆ. ಅದು ಉರಿಯುತ್ತದೆ, ಆದರೆ ಉಳಿದೆರಡರಷ್ಟು ಬಲ ಕೊಡುವುದಿಲ್ಲ, ನಡುಕ ಅಲ್ಲಿಂದ. ಬಾಗಿದ ರಾಡ್ ಪಿಸ್ಟನ್ನನ್ನು ಓರೆಯಾಗಿ ತಳ್ಳಿ ಗೋಡೆ ಸವೆಸುತ್ತದೆ. ಒಂದು ದಿನ ಹೆದ್ದಾರಿಯ ವೇಗದಲ್ಲಿ ಮುರಿಯುತ್ತದೆ.

ಕಂಪ್ರೆಷನ್ ಟೆಸ್ಟ್ ಮಾಡಿಸಿ. ಒಂದು ಸಿಲಿಂಡರ್ ಉಳಿದವಕ್ಕಿಂತ ಶೇ 10-15ರಷ್ಟು ಕಡಿಮೆ ತೋರಿಸಿದರೆ ಅನುಮಾನ ಬಲವಾಗುತ್ತದೆ. ನಿಖರವಾಗಿ ತಿಳಿಯಲು, ಪ್ಲಗ್ ತೂತಿನಲ್ಲಿ ಅಳತೆಕಡ್ಡಿ ಇಳಿಸಿ, ಪ್ರತಿ ಪಿಸ್ಟನ್ ತುತ್ತತುದಿಯಲ್ಲಿ ಎಷ್ಟು ಎತ್ತರಕ್ಕೆ ಬರುತ್ತದೆ ಎಂದು ಹೋಲಿಸಬೇಕು. ಒಂದು ಮಿಲಿಮೀಟರ್ ವ್ಯತ್ಯಾಸ ಬಂದರೂ ಸಿಲಿಂಡರ್‌ಗಳ ಮೇಲಿನ ಮುಚ್ಚಳವಾದ ಹೆಡ್ ಬಿಚ್ಚಿಸಿ. ಬಾಗಿದ ರಾಡನ್ನು ನೇರ ಮಾಡಿಸಿ ಹಾಕುವ ಸಲಹೆ ಬಂದರೆ ಒಪ್ಪಬೇಡಿ. ಹೊಸ ರಾಡ್, ಹೊಸ ಬೇರಿಂಗ್ ಶೆಲ್ ಬೇಕೇ ಬೇಕು.

ಪ್ರಶ್ನೆ: ಸೈಲೆನ್ಸರ್ ಮುಳುಗಿದರೆ ಎಂಜಿನ್ ಕೆಡುತ್ತದೆ, ಅದಕ್ಕೇ ಜೋರಾಗಿ ರೇಸ್ ಮಾಡುತ್ತಾ ದಾಟಬೇಕು ಎನ್ನುತ್ತಾರೆ. ನಿಜವೇ?

ಉತ್ತರ: ಭಯಪಡಬೇಕಾದದ್ದು ಮುಂದೆ ಗಾಳಿ ಎಳೆಯುವ ಬಾಯಿಯ ಬಗ್ಗೆ, ಹಿಂದಿನ ಸೈಲೆನ್ಸರ್ ಬಗ್ಗೆಯಲ್ಲ. 30 ಸೆಂಟಿಮೀಟರ್ ನೀರಿನ ಒತ್ತಡ ಸುಮಾರು 0.03 ಬಾರ್ ಅಷ್ಟೇ, ಐಡಲ್‌ನಲ್ಲಿರುವ ಎಂಜಿನ್ನೂ ಅದನ್ನು ತಳ್ಳಿ ಹೊಗೆ ಬಿಡುತ್ತದೆ. ಗಾಳಿ ಎಳೆಯುವ ಬಾಯಿ ಅನೇಕ ಕಾರುಗಳಲ್ಲಿ ಗ್ರಿಲ್‌ನ ಹಿಂದೆ ಅಥವಾ ಹೆಡ್‌ಲೈಟ್ ಪಕ್ಕದಲ್ಲಿರುತ್ತದೆ. ಬಾನೆಟ್ ತೆರೆದು ನಿಮ್ಮ ಕಾರಿನದು ಎಲ್ಲಿದೆ ಎಂದು ಇವತ್ತೇ ನೋಡಿಕೊಳ್ಳಿ. ರೇಸ್ ಹೆಚ್ಚಿಸಿದಷ್ಟೂ ಆ ಬಾಯಿಯ ಎಳೆತ ಹೆಚ್ಚು, ವೇಗ ಹೆಚ್ಚಿದಷ್ಟೂ ಮುಂದಿನ ಅಲೆ ಎತ್ತರ.

ದಾಟಲೇಬೇಕಾದರೆ ಎಸಿ ಆಫ್ ಮಾಡಿ. ಎಸಿ ಇದ್ದರೆ ರೇಡಿಯೇಟರ್ ಫ್ಯಾನ್ ತಿರುಗಿ ನೀರನ್ನು ಬಾನೆಟ್ ಒಳಗೆಲ್ಲ ಎರಚುತ್ತದೆ. ಆಟೊ ಸ್ಟಾರ್ಟ್-ಸ್ಟಾಪ್ ಕೂಡ ಆಫ್ ಇರಲಿ. ಮೊದಲ ಗೇರ್, 1500ರಿಂದ 2000 ಆರ್‌ಪಿಎಂ, ನಡಿಗೆಯ ವೇಗ. ಆ ವೇಗದಲ್ಲಿ ಅಲೆ ಸ್ವಲ್ಪ ಮುಂದೆ ಸಾಗಿ, ಬಂಪರ್ ಹಿಂದೆ ನೀರು ತುಸು ತಗ್ಗುತ್ತದೆ. ನಡುವೆ ಗೇರ್ ಬದಲಿಸಬೇಡಿ. ಎದುರಿನಿಂದ ಲಾರಿ ಬರುತ್ತಿದ್ದರೆ ಅದು ದಾಟುವವರೆಗೆ ಕಾಯಿರಿ, ಅದರ ಅಲೆ ನಿಮ್ಮ ಬಾನೆಟ್ ಏರಬಹುದು. ಆಚೆ ದಡದಲ್ಲಿ ಬ್ರೇಕನ್ನು ಹಗುರವಾಗಿ ಒತ್ತುತ್ತಾ ಒಣಗಿಸಿ.

ಎಷ್ಟು ಆಳ ಸಹಿಸಬಹುದೆಂಬುದು ಕಾರಿನ ಕೈಪಿಡಿಯಲ್ಲಿದ್ದರೆ ಅದೇ ಮಿತಿ. ಮಹೀಂದ್ರಾ ಥಾರ್‌ಗೆ 650, ಲ್ಯಾಂಡ್ ರೋವರ್ ಡಿಫೆಂಡರ್‌ಗೆ 900 ಮಿಲಿಮೀಟರ್ ಹೇಳಿದ್ದಾರೆ ಎಂದು ಸಣ್ಣ ಕಾರಿನಲ್ಲಿ ಹೋಗಬೇಡಿ. ಹರಿಯುವ ನೀರಾದರೆ ಎಂಜಿನ್ ಮಾತೇ ಬೇಡ. 30 ಸೆಂಟಿಮೀಟರ್ ನೀರು ಅನೇಕ ಕಾರುಗಳನ್ನು ತೇಲಿಸುತ್ತದೆ, 60 ಸೆಂಟಿಮೀಟರ್ ರಭಸದ ಹರಿವು ಬಹುತೇಕ ವಾಹನಗಳನ್ನು ಕೊಚ್ಚಿಕೊಂಡು ಹೋಗುತ್ತದೆ. ಹಿಂದಿರುಗಿ.

ಪ್ರಶ್ನೆ: ಎಲೆಕ್ಟ್ರಿಕ್ ಕಾರಿಗೆ ಈ ಭಯ ಇಲ್ಲವೇ?

ಉತ್ತರ: ಗಾಳಿ ಎಳೆಯುವ ಬಾಯಿಯೇ ಇಲ್ಲದ್ದರಿಂದ ಹೈಡ್ರೋಲಾಕ್ ಆಗುವುದಿಲ್ಲ. ಅನೇಕ ಬ್ಯಾಟರಿ ಪ್ಯಾಕ್‌ಗಳಿಗಿರುವ ಐಪಿ67 ಗುರುತಿನ ಅರ್ಥ, 1 ಮೀಟರ್ ಆಳದ ನೀರಿನಲ್ಲಿ 30 ನಿಮಿಷ ತಡೆಯುವಂತೆ ಪರೀಕ್ಷಿಸಲಾಗಿದೆ ಎಂದು. ಹಳೆಯ ಸೀಲ್, ತಳಕ್ಕೆ ಕಲ್ಲು ಬಡಿದ ಪ್ಯಾಕ್‌ಗೆ ಆ ಭರವಸೆ ಅನ್ವಯಿಸದು. ತೇಲುವುದು, ಬ್ರೇಕ್ ನೆನೆಯುವುದು, ಬೇರಿಂಗ್ ಕೆಡುವುದು ಇದಕ್ಕೂ ಇದೆ. ಕಾರಿನ ನೆಲದ ಮೇಲಕ್ಕೆ ನೀರು ಬಂದಿದ್ದರೆ, ಅದರಲ್ಲೂ ಉಪ್ಪುನೀರಾದರೆ, ಕಟ್ಟಡದಿಂದ ದೂರ ಬಯಲಲ್ಲಿ ನಿಲ್ಲಿಸಿ. ವಿದ್ಯುತ್ ಸೋರುತ್ತಿಲ್ಲವೆಂದು ನೋಡುವ ಇನ್ಸುಲೇಷನ್ ಪರೀಕ್ಷೆ ಆಗುವವರೆಗೆ ಚಾರ್ಜಿಗೆ ಹಾಕಬೇಡಿ.