ಪ್ರೋಟೀನ್ ಮಾಡದ ಆರ್‌ಎನ್‌ಎಯಿಂದ ಏನು ಉಪಯೋಗ?

ಆರ್‌ಎನ್‌ಎ ಅಂದ್ರೆ ಜೀವಕೋಶದೊಳಗೆ ಡಿಎನ್‌ಎಯಿಂದ ಆಗೋ ನಕಲು. ಅದ್ರಲ್ಲಿ ಲಾಂಗ್ ನಾನ್‌ಕೋಡಿಂಗ್ ಅನ್ನೋ ಉದ್ದದ ಆರ್‌ಎನ್‌ಎ ಪ್ರೋಟೀನ್ ಮಾಡಲ್ಲ ಅಂದ್ಮೇಲೆ ವೇಸ್ಟ್ ತಾನೆ ಅಂತ ಕೇಳಿದೀರ. ಮೊದ್ಲು ತುಂಬಾ ಜನ ಹಾಗೇ ಅಂದ್ಕೊಂಡಿದ್ರು, ಆದ್ರೆ 200 ಅಕ್ಷರಕ್ಕಿಂತ (ಅಂದ್ರೆ ಆರ್‌ಎನ್‌ಎ ಸರಪಳಿಯ ಕೊಂಡಿಗಳು) ಉದ್ದ ಇರೋ ಇವುಗಳಲ್ಲಿ ಕೆಲವು ಯಾವ ಜೀನ್ ಆನ್ ಇರ್ಬೇಕು ಯಾವ್ದು ಆಫ್ ಅಂತ ನೋಡ್ಕೊಳ್ಳೋ ಮೇಸ್ತ್ರಿ ಥರ (ಎಲ್ಲವೂ ಅಲ್ಲ ಮತ್ತೆ). ಹೆಣ್ಣುಮಕ್ಕಳಲ್ಲಿ ಎಕ್ಸ್ ಕ್ರೋಮೋಸೋಮ್ ಎರಡಿರುತ್ತಲ್ಲ, ಎಕ್ಸಿಸ್ಟ್ ಅನ್ನೋ ಆರ್‌ಎನ್‌ಎ ಅದ್ರಲ್ಲೊಂದಕ್ಕೆ ಕಂಬಳಿ ಹೊದ್ದಿಸಿದಂಗೆ ಸುತ್ಕೊಂಡು ಹೆಚ್ಚುಕಮ್ಮಿ ಪೂರ್ತಿ ಮಲಗಿಸಿಬಿಡುತ್ತೆ, ಬೀದೀಲಿ ಕಪ್ಪು-ಕೇಸರಿ ತೇಪೆತೇಪೆ ಬೆಕ್ಕು ನೋಡಿರ್ತೀರಲ್ಲ, ಆ ಬಣ್ಣದ ಜೀನ್ ಎಕ್ಸ್ ಮೇಲೇ ಇರೋದ್ರಿಂದ ಯಾವ ಜಾಗದಲ್ಲಿ ಯಾವ ಎಕ್ಸ್ ಮಲಗಿದೆಯೋ ಅದ್ರ ಮೇಲೆ ಅಲ್ಲಿನ ಬಣ್ಣ, ಅದಕ್ಕೇ ಅಂಥ ಬೆಕ್ಕು ಬಹುತೇಕ ಹೆಣ್ಣೇ. ಕಾಯಿಲೆಗೆ ಬಂದ್ರೆ, ಪ್ರಾಸ್ಟೇಟ್ ಕ್ಯಾನ್ಸರಲ್ಲಿ ಪಿಸಿಎ3 ಅನ್ನೋ ಇಂಥದ್ದೇ ಆರ್‌ಎನ್‌ಎ ಜಾಸ್ತಿ ಆಗುತ್ತೆ, ಮೂತ್ರದಲ್ಲೇ ಸಿಗುತ್ತೆ, ಇನ್ನೊಂದ್ಸಲ ಬಯಾಪ್ಸಿ (ಚೂರು ಅಂಗಾಂಶ ತೆಗೆದು ಪರೀಕ್ಷೆ) ಬೇಕಾ ಬೇಡ್ವಾ ಅಂತ ನೋಡೋಕೆ ಆ ಟೆಸ್ಟ್‌ಗೆ 2012ರಲ್ಲೇ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಕೊಟ್ಟಿದೆ.