ಅಮೆರಿಕದ ಸರ್ಕಾರಿ ಪ್ರಾಥಮಿಕ ಶಾಲೆ: ಶುಲ್ಕವಿಲ್ಲ, ಖರ್ಚು ಶುರುವಾಗುವುದು ಮಧ್ಯಾಹ್ನ ಎರಡೂವರೆಗೆ

ಜುಲೈನಲ್ಲಿ ಪತಿಯ ಎಲ್-1 (ಕಂಪನಿಯೊಳಗಿನ ವರ್ಗಾವಣೆಯ) ವೀಸಾದ ಮೇಲೆ ಕ್ಯಾಲಿಫೋರ್ನಿಯಾದ ಸನ್ನಿವೇಲ್‌ಗೆ ಬರುತ್ತಿದ್ದೀರಿ, ಮಗಳಿಗೆ ಆರು ತುಂಬಿದೆ, ಮಗನಿಗೆ ನಾಲ್ಕು. ಅಲ್ಲಿನ ಸರ್ಕಾರಿ ಶಾಲೆಯಲ್ಲಿ ಏನು ಕಲಿಸುತ್ತಾರೆ, ದಿನ ಹೇಗೆ ಸಾಗುತ್ತದೆ, ತಿಂಗಳಿಗೆ ಎಷ್ಟು ಹಣ ತೆಗೆದಿಡಬೇಕು ಎಂದು ಕೇಳಿದ್ದೀರಿ. ನೀವೂ ಕೆಲಸ ಹುಡುಕುವುದಾಗಿ ಬರೆದಿದ್ದೀರಿ. ನನ್ನ ಇಬ್ಬರು ಮಕ್ಕಳೂ ಸನ್ನಿವೇಲ್ ಇರುವ ಇದೇ ಬೇ ಏರಿಯಾದ ಸರ್ಕಾರಿ ಶಾಲೆಯಲ್ಲಿ ಅಕ್ಷರ ಕಲಿತವರು, ಚಿಕ್ಕವನು ಇನ್ನೂ ಅಲ್ಲಿಯೇ ಇದ್ದಾನೆ. ನಾನು ಕಂಡಂತೆ ಶಾಲೆ ಒಂದು ಡಾಲರ್ ಶುಲ್ಕವನ್ನೂ ಕೇಳುವುದಿಲ್ಲ. ಹಣ ಹೋಗುವುದು ಶಾಲೆ ಇಲ್ಲದ ಗಂಟೆಗಳಿಗೆ ಮತ್ತು ಮನೆಯ ಬಾಡಿಗೆಗೆ. ಆದ್ದರಿಂದ ಅಲ್ಲಿಂದಲೇ ಲೆಕ್ಕ ಹಾಕಲು ಆರಂಭಿಸಿ.

ಮೊದಲು ಬಾಡಿಗೆ. ನಿಮ್ಮ ಮಗು ಯಾವ ಶಾಲೆಗೆ ಹೋಗಬೇಕೆಂಬುದನ್ನು ನಿರ್ಧರಿಸುವುದು ಮನೆಯ ವಿಳಾಸ. ಸನ್ನಿವೇಲ್ ಒಂದೇ ಊರಾದರೂ ಅದರ ಬೇರೆ ಬೇರೆ ಭಾಗಗಳು ಸನ್ನಿವೇಲ್, ಕ್ಯುಪರ್ಟಿನೊ ಯೂನಿಯನ್, ಸಾಂತಾ ಕ್ಲಾರಾ ಯೂನಿಫೈಡ್ ಎಂಬ, ತಮ್ಮ ತಮ್ಮ ಪ್ರದೇಶದ ಸರ್ಕಾರಿ ಶಾಲೆಗಳನ್ನು ನಡೆಸುವ ಬೇರೆ ಬೇರೆ ಸ್ಕೂಲ್ ಡಿಸ್ಟ್ರಿಕ್ಟ್‌ಗಳಿಗೆ ಸೇರುತ್ತವೆ. ರಸ್ತೆಯ ಈ ಬದಿಗೊಂದು ಶಾಲೆ, ಆ ಬದಿಗೊಂದು ಶಾಲೆ ಆಗಬಹುದು, ಬಾಡಿಗೆಯೂ ಅದಕ್ಕೆ ತಕ್ಕಂತೆ ಏರಿಳಿಯುತ್ತದೆ. ಮನೆ ಹುಡುಕುವ ಜಾಲತಾಣಗಳಲ್ಲಿ ಶಾಲೆಗಳಿಗೆ ಹತ್ತರಲ್ಲಿ ಇಷ್ಟು ಎಂದು ಅಂಕ ಕೊಟ್ಟಿರುತ್ತಾರೆ. ನಮ್ಮವರು ಒಂಬತ್ತು, ಹತ್ತು ಅಂಕದ ಶಾಲೆಯ ಹಿಂದೆ ಬಿದ್ದು ಪ್ರತಿ ತಿಂಗಳೂ ಸಾವಿರಾರು ಡಾಲರ್ ಹೆಚ್ಚು ಬಾಡಿಗೆ ತೆರುವುದನ್ನು ನೋಡಿ ನನಗೆ ನಿಜವಾಗಿಯೂ ಸಂಕಟವಾಗುತ್ತದೆ. ಆ ಅಂಕ ಹೆಚ್ಚಾಗಿ ನಿಂತಿರುವುದು ರಾಜ್ಯದ ಪರೀಕ್ಷೆಗಳ ಮೇಲೆ. ಆ ಪರೀಕ್ಷೆ ಶುರುವಾಗುವುದೇ ಮೂರನೆಯ ತರಗತಿಯಿಂದ, ಮತ್ತು ಅದರ ಫಲಿತಾಂಶ ತಂದೆತಾಯಿಯರ ಆದಾಯ, ಓದಿನ ಜೊತೆಜೊತೆಗೇ ಏರುತ್ತದೆ. ಒಂದನೆಯ ತರಗತಿಯ ಮಗುವಿಗೆ ಓದು ಕಲಿಸುವ ಶಿಕ್ಷಕಿ ಎಂಥವರು ಎಂಬುದನ್ನು ಆ ಅಂಕ ಹೇಳುವುದಿಲ್ಲ. ನನ್ನನ್ನು ಕೇಳಿದರೆ, ಮಕ್ಕಳ ಕೈ ಹಿಡಿದು ನಡೆದು ಹೋಗಬಹುದಾದಷ್ಟು ಹತ್ತಿರವಿರುವ, ಶಾಲೆ ಮುಗಿದ ಮೇಲೂ ಅದೇ ಆವರಣದಲ್ಲಿ ಮಕ್ಕಳನ್ನು ನೋಡಿಕೊಳ್ಳುವ ವ್ಯವಸ್ಥೆಯಿರುವ ಆರು, ಏಳು ಅಂಕದ ಶಾಲೆಯೇ ಮೇಲು.

ಬಾಡಿಗೆ ಕರಾರಿಗೆ ಸಹಿ ಹಾಕುವ ಮುಂಚೆ ಡಿಸ್ಟ್ರಿಕ್ಟ್ ಕಚೇರಿಗೆ ಫೋನ್ ಮಾಡಿ, ಆ ವಿಳಾಸಕ್ಕೆ ಯಾವ ಶಾಲೆ ಬರುತ್ತದೆ, ಅಲ್ಲಿ ಒಂದನೆಯ ತರಗತಿಯಲ್ಲಿ ಜಾಗವಿದೆಯೇ ಎಂದು ಎರಡನ್ನೂ ಕೇಳಿ. ಜಾಗ ತುಂಬಿದ್ದರೆ ಅದೇ ಡಿಸ್ಟ್ರಿಕ್ಟಿನ ಇನ್ನೊಂದು ಶಾಲೆಗೆ ಕಳುಹಿಸುತ್ತಾರೆ, ಆಗ ಹತ್ತಿರದ ಮನೆ ಹಿಡಿದ ಉದ್ದೇಶವೇ ಕೈತಪ್ಪುತ್ತದೆ.

ತರಗತಿಯ ಲೆಕ್ಕ ಸುಲಭ. ಸೆಪ್ಟೆಂಬರ್ 1ರೊಳಗೆ ಆರು ತುಂಬಿದವರು ಒಂದನೆಯ ತರಗತಿ, ಐದು ತುಂಬಿದವರು ಕಿಂಡರ್‌ಗಾರ್ಟನ್. ನಾಲ್ಕು ತುಂಬಿದವರಿಗೆ ಟಿಕೆ ಎಂದು ಕರೆಯುವ, ಕಿಂಡರ್‌ಗಾರ್ಟನ್‌ಗೂ ಹಿಂದಿನ ವರ್ಷವೊಂದಿದೆ. 2025-26ರಿಂದ ಕ್ಯಾಲಿಫೋರ್ನಿಯಾದಲ್ಲಿ ಇದು ನಾಲ್ಕು ತುಂಬಿದ ಎಲ್ಲ ಮಕ್ಕಳಿಗೂ ಉಚಿತವಾಗಿ ತೆರೆದಿದೆ. ಹಿಂದೆ ಈ ವಯಸ್ಸಿಗೆ ಖಾಸಗಿ ಶಿಶುವಿಹಾರವೇ ಗತಿಯಾಗಿತ್ತು, ಅದರ ಬೆಲೆ ಎರಡನೆಯ ಬಾಡಿಗೆಯಷ್ಟಿರುತ್ತಿತ್ತು. ನಿಮ್ಮ ಮಗ ಒಳ್ಳೆಯ ಹೊತ್ತಿಗೆ ಬರುತ್ತಿದ್ದಾನೆ.

ಸೇರಿಸಲು ಬೇಕಾದವು ಜನನ ಪ್ರಮಾಣಪತ್ರ ಅಥವಾ ಪಾಸ್‌ಪೋರ್ಟ್, ಬಾಡಿಗೆ ಕರಾರು, ವಿದ್ಯುತ್ ಬಿಲ್ಲಿನಂಥ ವಿಳಾಸದ ಪುರಾವೆ, ಲಸಿಕೆಯ ದಾಖಲೆ. ಕೊನೆಯದನ್ನು ಊರಿನಲ್ಲಿದ್ದಾಗಲೇ ಕೂತು ನೋಡಿ. ಈ ರಾಜ್ಯದಲ್ಲಿ ವೈದ್ಯಕೀಯ ಕಾರಣ ಬಿಟ್ಟರೆ ಬೇರಾವ ವಿನಾಯಿತಿಯೂ ಇಲ್ಲ. ದಡಾರ, ಮಂಗನಬಾವು, ರುಬೆಲ್ಲಾ ಮೂರಕ್ಕೂ ಸೇರಿದ ಎಂಎಂಆರ್ ಲಸಿಕೆಯ ಎರಡು ಡೋಸ್ ಬೇಕು, ಎರಡೂ ಮೊದಲ ಹುಟ್ಟುಹಬ್ಬದ ನಂತರ ಕೊಟ್ಟಿದ್ದಿರಬೇಕು. ನಮ್ಮಲ್ಲಿ ಒಂಬತ್ತನೆಯ ತಿಂಗಳಿಗೆ ಹಾಕಿಸುವ ಡೋಸ್ ಇಲ್ಲಿ ಲೆಕ್ಕಕ್ಕೆ ಬಾರದು. ಆರೋಗ್ಯ ಕೇಂದ್ರದಲ್ಲಿ ಹಾಕಿಸಿದ್ದರೆ ಅದು ಎಂಆರ್ ಆಗಿರುತ್ತದೆ, ಅದರಲ್ಲಿ ಮಂಗನಬಾವಿನ ಲಸಿಕೆ ಸೇರಿರುವುದಿಲ್ಲ. ಸೀತಾಳೆ ಸಿಡುಬಿನ ಲಸಿಕೆಯೂ ಎರಡು ಡೋಸ್ ಆಗಬೇಕು, ಅದು ನಮ್ಮ ಸರ್ಕಾರಿ ಪಟ್ಟಿಯಲ್ಲಿಲ್ಲ. ಉಳಿದದ್ದನ್ನು ಮಕ್ಕಳ ವೈದ್ಯರಿಂದ ಹಾಕಿಸಿಕೊಂಡು, ತಾರೀಖುಗಳನ್ನು ಇಂಗ್ಲಿಷಿನಲ್ಲಿ ಬರೆಸಿ, ಮೊಹರು ಹಾಕಿಸಿ ತನ್ನಿ. ಸನ್ನಿವೇಲ್ ಸೇರಿರುವ ಸಾಂತಾ ಕ್ಲಾರಾ ಕೌಂಟಿಯಲ್ಲಿ ಕ್ಷಯದ ಅಪಾಯದ ಬಗ್ಗೆ ಇಲ್ಲಿನ ವೈದ್ಯರು ತುಂಬಿಕೊಡಬೇಕಾದ ನಮೂನೆಯೂ ಇದೆ. ಕ್ಷಯದ ಲಸಿಕೆಯಾದ ಬಿಸಿಜಿ ಹಾಕಿಸಿಕೊಂಡ ಮಕ್ಕಳಿಗೆ ಚರ್ಮದ ಪರೀಕ್ಷೆ ಸುಮ್ಮನೆ ಪಾಸಿಟಿವ್ ತೋರಿಸಬಹುದು, ಆದ್ದರಿಂದ ರಕ್ತಪರೀಕ್ಷೆ ಮಾಡುವಂತೆ ಕೇಳಿ.

ದಾಖಲಾತಿಯ ಕಾಗದಗಳಲ್ಲಿ ಮನೆಮಾತಿನ ಬಗ್ಗೆ ಒಂದು ಪುಟ್ಟ ಪ್ರಶ್ನಾವಳಿ ಬರುತ್ತದೆ: ಮಗು ಮೊದಲು ಕಲಿತ ಭಾಷೆ ಯಾವುದು, ಮನೆಯಲ್ಲಿ ಹೆಚ್ಚು ಆಡುವುದು ಯಾವುದು. ಕನ್ನಡ ಎಂದು ಬರೆದರೆ ಮಗುವಿಗೆ ಇಂಗ್ಲಿಷ್ ಬರುವುದಿಲ್ಲ ಎಂಬ ಹಣೆಪಟ್ಟಿ ಬೀಳುತ್ತದೆಂದು ಅಂಜಿ ನಮ್ಮವರು ಅನೇಕರು ಇಂಗ್ಲಿಷ್ ಎಂದು ಬರೆದುಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಕನ್ನಡ ಎಂದು ಬರೆದರೆ ಸೇರಿದ 30 ದಿನಗಳೊಳಗೆ ಎಲ್ಪ್ಯಾಕ್ ಎಂಬ ಭಾಷಾ ಪರೀಕ್ಷೆ ಮಾಡುತ್ತಾರೆ. ಮಗಳಿಗೆ ಇಂಗ್ಲಿಷ್ ಸಲೀಸಾಗಿದ್ದರೆ ಮಾತು ಅಲ್ಲಿಗೇ ಮುಗಿಯಿತು. ಇಲ್ಲದಿದ್ದರೆ ದಿನವೂ ಸ್ವಲ್ಪ ಹೊತ್ತು ಅವಳ ಮಟ್ಟಕ್ಕೆ ತಕ್ಕ ಇಂಗ್ಲಿಷ್ ಪಾಠ ಉಚಿತವಾಗಿ ಸಿಗುತ್ತದೆ. ಹೊಸ ದೇಶದ ಮೊದಲ ತಿಂಗಳುಗಳಲ್ಲಿ ಮಗುವಿಗೆ ಇದಕ್ಕಿಂತ ದೊಡ್ಡ ಆಸರೆ ಇಲ್ಲ. ಇದರಿಂದ ಇನ್ನೊಂದು ಪ್ರಯೋಜನವೂ ಇದೆ, ಮುಂದೆ ಹೇಳುತ್ತೇನೆ.

ಈಗ ದಿನಚರಿ. ಗಂಟೆ ಶಾಲೆಯಿಂದ ಶಾಲೆಗೆ ಸ್ವಲ್ಪ ಬದಲಾಗುತ್ತದೆ. ಸುಮಾರು ಎಂಟೂಕಾಲಿಗೆ ಆರಂಭ, ಎರಡೂವರೆಯ ಆಸುಪಾಸಿಗೆ ಮುಕ್ತಾಯ ಎಂದುಕೊಳ್ಳಿ. ವಾರದಲ್ಲಿ ಒಂದು ದಿನ, ಬಹಳ ಕಡೆ ಬುಧವಾರ ಅಥವಾ ಗುರುವಾರ, ಶಿಕ್ಷಕರ ಸಭೆಗಾಗಿ ಇನ್ನೂ ಬೇಗ ಬಿಡುತ್ತಾರೆ. ಟಿಕೆಯ ಮಕ್ಕಳನ್ನು ಕೆಲವೆಡೆ ಎಲ್ಲರಿಗಿಂತ ಮುಂಚೆಯೇ ಕಳುಹಿಸುವುದರಿಂದ ಅಕ್ಕ ತಮ್ಮ ಒಂದೇ ಶಾಲೆಯಲ್ಲಿದ್ದರೂ ನೀವು ಎರಡು ಸಲ ಹೋಗಬೇಕಾದೀತು. ಬೆಳಗಿನ ಹೊತ್ತು ಓದು ಮತ್ತು ಗಣಿತಕ್ಕೆ ಮೀಸಲು. ನಡುವೆ ಆಟದ ಬಿಡುವು, ಊಟ, ಆಮೇಲೆ ವಿಜ್ಞಾನ, ಸಮಾಜ, ಚಿತ್ರಕಲೆ, ಸಂಗೀತ, ಗ್ರಂಥಾಲಯ ಸರದಿಯ ಮೇಲೆ ಬರುತ್ತವೆ. ಒಂದರಿಂದ ಆರನೆಯ ತರಗತಿವರೆಗೆ ಪ್ರತಿ ಹತ್ತು ಶಾಲಾ ದಿನಗಳಲ್ಲಿ 200 ನಿಮಿಷ ದೈಹಿಕ ಶಿಕ್ಷಣ ಕೊಡಲೇಬೇಕೆಂಬ ಕಾನೂನಿದೆ. ಸಂಗೀತ ಮತ್ತು ಕಲೆಗೆ 2022ರಲ್ಲಿ ಮತದಾರರು ಒಪ್ಪಿದ ಪ್ರಸ್ತಾವ 28ರಿಂದ ಪ್ರತ್ಯೇಕ ಹಣ ಬರುತ್ತಿದೆ. ಮಾತು ತಡವಾದ, ಗಮನ ನಿಲ್ಲದ ಅಥವಾ ಕಲಿಕೆಯಲ್ಲಿ ತೊಡಕಿರುವ ಮಗುವಾದರೆ ನೀವೇ ಲಿಖಿತವಾಗಿ ಮೌಲ್ಯಮಾಪನ ಕೇಳಬಹುದು. ಅಗತ್ಯವಿದೆಯೆಂದು ಕಂಡುಬಂದರೆ ಆ ಮಗುವಿಗೇ ಹೊಂದಿದ ಯೋಜನೆ ಬರೆದು ಉಚಿತವಾಗಿ ನೆರವು ಕೊಡುವುದು ಶಾಲೆಯ ಕರ್ತವ್ಯ. ಅದನ್ನು ಕೇಳಲು ನಾಚಿಕೊಳ್ಳುವ ನಮ್ಮ ಕುಟುಂಬಗಳು ಮಕ್ಕಳ ಅಮೂಲ್ಯ ವರ್ಷಗಳನ್ನು ಕಳೆದುಕೊಳ್ಳುತ್ತಿವೆ.

ಊಟದ ಬಗ್ಗೆ ನಿರಾಳವಾಗಿರಿ. 2022-23ರಿಂದ ಈ ರಾಜ್ಯದ ಸರ್ಕಾರಿ ಶಾಲೆಗಳಲ್ಲಿ ಪ್ರತಿ ಮಗುವಿಗೂ ಆದಾಯ ನೋಡದೆ ಬೆಳಗಿನ ಉಪಾಹಾರ ಮತ್ತು ಮಧ್ಯಾಹ್ನದ ಊಟ ಉಚಿತ. ಆದರೂ ಶಾಲೆ ಆದಾಯದ ನಮೂನೆ ಕಳುಹಿಸುತ್ತದೆ, ತುಂಬಿ ಕೊಡಿ. ಶಾಲೆಗೆ ಬರುವ ಹಣದ ಒಂದು ಭಾಗ ಅದನ್ನೇ ಅವಲಂಬಿಸಿದೆ. ತಿಂಗಳ ಊಟದ ಪಟ್ಟಿ ಮೊದಲೇ ಸಿಗುತ್ತದೆ, ಸಸ್ಯಾಹಾರದ ಆಯ್ಕೆ ಇರುತ್ತದೆ, ಆದರೆ ಬಹುಪಾಲು ಚೀಸ್ ಮತ್ತು ಬ್ರೆಡ್ಡಿನ ಸುತ್ತಲೇ ಸುತ್ತುತ್ತದೆ. ಮನೆಯಿಂದ ಕಳುಹಿಸುವುದಾದರೆ ಬಿಸಿ ಮಾಡಿಕೊಡುವವರು ಯಾರೂ ಇಲ್ಲ, ತಿನ್ನಲು ಸಿಗುವುದು ಇಪ್ಪತ್ತು ನಿಮಿಷದಷ್ಟು ಸಮಯ. ಕಡಲೆಕಾಯಿ ಅಲರ್ಜಿಯ ಮಕ್ಕಳು ಇರುವುದರಿಂದ ಚಿತ್ರಾನ್ನಕ್ಕೆ ಅದನ್ನು ಹಾಕುವ ಮುನ್ನ ತರಗತಿಯ ನಿಯಮ ಕೇಳಿಕೊಳ್ಳಿ.

ಶಾಲೆ ಶುಲ್ಕ ಕೇಳಬಾರದು ಎಂಬುದು ಇಲ್ಲಿ ಬರಿಯ ರೂಢಿಯಲ್ಲ, ರಾಜ್ಯದ ಸಂವಿಧಾನದಿಂದ ಬಂದದ್ದು. 1984ರಲ್ಲಿ ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟ್ ಪಠ್ಯೇತರ ಚಟುವಟಿಕೆಗಳಿಗೂ ಶುಲ್ಕ ವಿಧಿಸುವಂತಿಲ್ಲ ಎಂದಿತು, 2012ರ ಕಾನೂನು ಅದನ್ನು ಇನ್ನಷ್ಟು ಬಿಗಿ ಮಾಡಿತು. ಪುಸ್ತಕ, ಪೆನ್ಸಿಲ್, ಕಾಗದವೆಲ್ಲ ಶಾಲೆಯದೇ ಹೊಣೆ. ವರ್ಷದಾರಂಭದಲ್ಲಿ ಬರುವ ಸಾಮಾನಿನ ಪಟ್ಟಿ ಸ್ವ-ಇಚ್ಛೆಯ ಕೊಡುಗೆ. ಪ್ರವಾಸಕ್ಕೆ ಹಣ ಕೇಳಬಹುದು, ಆದರೆ ಕೊಡಲಾಗದ ಮಗುವನ್ನು ಬಿಟ್ಟು ಹೋಗುವಂತಿಲ್ಲ. ಪಾಲಕರ ಸಂಘದಿಂದ ಮಗುವಿಗೆ ನೂರಾರು ಡಾಲರ್ ಸೂಚಿಸಿ ಪತ್ರ ಬರುತ್ತದೆ, ಸೂಚಿಸಿದ ಮೊತ್ತವನ್ನೇ ಕೊಡಬೇಕಿಲ್ಲ. ನಾವು ಕೈಲಾದಷ್ಟು ಕೊಡುತ್ತೇವೆ, ಏಕೆಂದರೆ ಗ್ರಂಥಾಲಯದ ಸಹಾಯಕಿಯಂಥವರ ಸಂಬಳ ಎಷ್ಟೋ ಕಡೆ ಅದರಿಂದಲೇ ನಡೆಯುತ್ತದೆ. ಯೂನಿಫಾರ್ಮ್ ಸಾಮಾನ್ಯವಾಗಿ ಇಲ್ಲ. ಬಸ್ಸನ್ನು ನಂಬಿಕೊಳ್ಳಬೇಡಿ, ಸಿನಿಮಾಗಳಲ್ಲಿ ಕಾಣುವ ಹಳದಿ ಬಸ್ಸು ಈ ಭಾಗದ ಬಹಳ ಶಾಲೆಗಳಲ್ಲಿ ಎಲ್ಲ ಮಕ್ಕಳಿಗೂ ಬರುವುದಿಲ್ಲ.

ನಿಜವಾದ ಖರ್ಚು ಎರಡೂವರೆಯ ಗಂಟೆ ಬಾರಿಸಿದ ಮೇಲೆ. ಎಲ್-1ರವರ ಪತಿ ಅಥವಾ ಪತ್ನಿಗೆ ಸಿಗುವ ಎಲ್-2 ವೀಸಾದಲ್ಲಿ ಕೆಲಸದ ಹಕ್ಕು ಇರುವುದರಿಂದ ನಿಮಗೆ ಬೇಗ ಕೆಲಸ ಸಿಗಬಹುದು. ಆಗ ಸಂಜೆ ಆರರವರೆಗೆ ಇಬ್ಬರು ಮಕ್ಕಳನ್ನು ಎಲ್ಲಿಡುವುದು? ಖಾಸಗಿ ಆರೈಕೆ ಕೇಂದ್ರಗಳು ಒಂದು ಮಗುವಿಗೆ ತಿಂಗಳಿಗೆ ನೂರಾರು ಡಾಲರ್ ಕೇಳುತ್ತವೆ, ಈ ಸಿಲಿಕಾನ್ ಕಣಿವೆಯಲ್ಲಿ ಅದು ಸಾವಿರ ಮುಟ್ಟುವುದೂ ಉಂಟು. ಅಲ್ಲಿಗೆ ಕೈಹಾಕುವ ಮುನ್ನ ಡಿಸ್ಟ್ರಿಕ್ಟಿನಲ್ಲಿ ವಿಸ್ತೃತ ಕಲಿಕಾ ಅವಕಾಶ ಯೋಜನೆಯ ಬಗ್ಗೆ ವಿಚಾರಿಸಿ, ಇಎಲ್ಒಪಿ ಎಂದರೆ ಅವರಿಗೆ ಗೊತ್ತಾಗುತ್ತದೆ. 2021-22ರಲ್ಲಿ ಆರಂಭವಾದ ಈ ರಾಜ್ಯ ಯೋಜನೆಯ ಪ್ರಕಾರ ಶಾಲೆಯ ಅವಧಿಯೂ ಸೇರಿ ದಿನಕ್ಕೆ 9 ಗಂಟೆ, ಜೊತೆಗೆ ಶಾಲೆಯಿಲ್ಲದ 30 ದಿನಗಳಲ್ಲಿಯೂ ಮಕ್ಕಳಿಗೆ ಕಾರ್ಯಕ್ರಮ ಒದಗಿಸಬೇಕು. ಟಿಕೆಯಿಂದ ಆರನೆಯ ತರಗತಿವರೆಗೆ ಇದು ಅನ್ವಯಿಸುತ್ತದೆ. ಇದರಲ್ಲಿ ಆದ್ಯತೆ ಕಡಿಮೆ ಆದಾಯದ ಮಕ್ಕಳಿಗೆ, ಪೋಷಣಾ ಕುಟುಂಬಗಳಲ್ಲಿ ಬೆಳೆಯುವ ಮಕ್ಕಳಿಗೆ ಮತ್ತು ಇಂಗ್ಲಿಷ್ ಕಲಿಯುತ್ತಿರುವ ಮಕ್ಕಳಿಗೆ. ಕನ್ನಡ ಎಂದು ನಿಜ ಬರೆಯಿರಿ ಎಂದೆನಲ್ಲ, ಅದರ ಇನ್ನೊಂದು ಪ್ರಯೋಜನ ಇದು. ಮಗಳು ಇಂಗ್ಲಿಷ್ ಕಲಿಯುವವಳೆಂದು ದಾಖಲಾದರೆ ನಿಮ್ಮ ಆದಾಯ ಎಷ್ಟೇ ಇದ್ದರೂ ಆ ಆದ್ಯತೆಯ ಗುಂಪಿಗೆ ಸೇರುತ್ತಾಳೆ. ಸರದಿ ಪಟ್ಟಿ ಉದ್ದವಿರುತ್ತದೆ, ವಿಳಾಸ ಕೈಗೆ ಬಂದ ದಿನವೇ ಹೆಸರು ಬರೆಸಿ.

ಬೇಸಿಗೆ ಇನ್ನೊಂದು ದೊಡ್ಡ ಗುಳಿ. ಶಾಲೆ ನಡೆಯುವುದು ವರ್ಷಕ್ಕೆ ಸುಮಾರು 180 ದಿನ. ಜೂನ್ ಮೊದಲ ಭಾಗದಿಂದ ಆಗಸ್ಟ್ ನಡುವಿನವರೆಗೆ ಮಕ್ಕಳು ಮನೆಯಲ್ಲಿ. ಖಾಸಗಿ ಬೇಸಿಗೆ ಶಿಬಿರಗಳು ವಾರಕ್ಕೆ ಒಂದು ಮಗುವಿಗೆ ಮುನ್ನೂರರಿಂದ ಐನೂರು ಡಾಲರಿನವರೆಗೂ ಕೇಳುತ್ತವೆ. ನಗರಸಭೆಯ ಉದ್ಯಾನ ಮತ್ತು ಮನರಂಜನಾ ವಿಭಾಗದ ಶಿಬಿರಗಳು ಅಗ್ಗ, ಆದರೆ ಬೇಸಿಗೆಗೆ ಬಹಳ ಮುಂಚೆಯೇ ಭರ್ತಿಯಾಗುತ್ತವೆ. ಇಬ್ಬರೂ ದುಡಿಯುವವರಾದರೆ ಮಕ್ಕಳ ಆರೈಕೆಗೆಂದು ತೆರಿಗೆಯಿಲ್ಲದೆ ಹಣ ಕೂಡಿಡುವ ಖಾತೆ ಕಂಪನಿಯಲ್ಲಿದೆಯೇ ಎಂದು ನಿಮ್ಮ ಪತಿ ವಿಚಾರಿಸಲಿ. 2026ರಿಂದ ಅದರ ವಾರ್ಷಿಕ ಮಿತಿ 5,000ದಿಂದ 7,500 ಡಾಲರಿಗೆ ಏರಿದೆ. ಶಾಲೆಯ ನಂತರದ ಆರೈಕೆಗೂ, ಹಗಲಿನ ಬೇಸಿಗೆ ಶಿಬಿರಕ್ಕೂ ಅದನ್ನು ಬಳಸಬಹುದು.

ಊರಿಗೆ ಹೋಗಿಬರುವ ವಿಷಯ ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ಈ ರಾಜ್ಯದ ಬಹುಪಾಲು ಶಾಲೆಗಳಿಗೆ ರಾಜ್ಯದ ಹಣ ಬರುವುದು ಮಕ್ಕಳ ಸರಾಸರಿ ಹಾಜರಾತಿಯ ಮೇಲೆ. ಮಾನ್ಯ ಕಾರಣವಿಲ್ಲದೆ ಮೂರು ದಿನ ತಪ್ಪಿದರೂ, ಅಥವಾ ಮೂರು ಸಲ ಅರ್ಧ ಗಂಟೆಗಿಂತ ಹೆಚ್ಚು ತಡವಾದರೂ, ಕಾನೂನಿನ ಕಣ್ಣಿನಲ್ಲಿ ಅದು ಗೈರು ಪ್ರಕರಣ. ಯುಗಾದಿಗೋ ದೀಪಾವಳಿಗೋ ರಜೆ ಬೇಕಿದ್ದರೆ ಧಾರ್ಮಿಕ ಹಬ್ಬವೆಂದು ಮುಂಚೆಯೇ ಬರೆದು ತಿಳಿಸಿ, ಅದು ಮಾನ್ಯ ಕಾರಣ. ಡಿಸೆಂಬರ್ ರಜೆಗೆ ಇನ್ನೊಂದು ವಾರ ಸೇರಿಸಿ ಮದುವೆಗೆ ಹೋಗುವುದಾದರೆ ಸ್ವತಂತ್ರ ಅಧ್ಯಯನದ ಒಪ್ಪಂದ ಮಾಡಿಕೊಳ್ಳಲು ಕೇಳಿ. ಶಿಕ್ಷಕಿ ಕೊಟ್ಟ ಕೆಲಸ ಮುಗಿಸಿ ತಂದರೆ ಆ ದಿನಗಳು ಹಾಜರಾತಿಯಾಗಿ ಉಳಿಯುತ್ತವೆ. ಟಿಕೆಟ್ ಕೊಳ್ಳುವ ಮೊದಲೇ ಕೇಳಬೇಕು, ಹೋಗಿ ಬಂದಮೇಲೆ ಕೇಳಿದರೆ ಆಗದು.

ನೀವು ಬರುವ ಜುಲೈನಲ್ಲಿ ಶಾಲೆಯ ಕಚೇರಿ ಮುಚ್ಚಿರುತ್ತದೆ. ಬಾಗಿಲಿಗೆ ಹೋಗಿ ಹಿಂದಿರುಗಬೇಡಿ, ದಾಖಲಾತಿಯನ್ನು ಡಿಸ್ಟ್ರಿಕ್ಟ್ ಕಚೇರಿಯಲ್ಲಿಯೇ ಮಾಡಿಸಿ, ಅದು ಬೇಸಿಗೆಯಲ್ಲೂ ತೆರೆದಿರುತ್ತದೆ. ವೀಸಾದ ಕಾಗದ ಕೊಂಡೊಯ್ಯಬೇಕಾಗಿಲ್ಲ. ವಲಸೆಯ ಸ್ಥಿತಿ ಏನೇ ಇರಲಿ ಮಗುವಿಗೆ ಶಾಲೆ ನಿರಾಕರಿಸುವಂತಿಲ್ಲ ಎಂದು 1982ರಲ್ಲೇ ಅಮೆರಿಕದ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ. ಬಾಡಿಗೆ ಕರಾರು ಇನ್ನೂ ಕೈಗೆ ಬಂದಿಲ್ಲದೆ ಪರಿಚಿತರ ಮನೆಯಲ್ಲಿ ಇಳಿದುಕೊಂಡಿದ್ದರೆ, ಆ ಮನೆಯವರ ಲಿಖಿತ ಹೇಳಿಕೆಯ ಮೇಲೆ ಸೇರಿಸಿಕೊಳ್ಳುವ ದಾರಿ ಇದೆಯೇ ಎಂದು ಕೇಳಿ. ಹಲವು ಡಿಸ್ಟ್ರಿಕ್ಟ್‌ಗಳಲ್ಲಿ ಅದಕ್ಕೂ ಒಂದು ನಮೂನೆ ಇರುತ್ತದೆ.